ತೆಳು ಗಾಜಿನಲ್ಲಿ ಅಗಲ ನೋಟ

ಕನ್ನಡಕ ಹಾಕುವವರು ಒಮ್ಮೆ ಅದನ್ನು ತೆಗೆದು ಕಡ್ಡಿಯ ಒಳಬದಿ ನೋಡಿ. 52, ಪಕ್ಕದಲ್ಲೊಂದು ಪುಟ್ಟ ಚೌಕ, ಆಮೇಲೆ 18, ಮುಂದೆ 140 ಎಂಬಂಥ ಅಂಕಿಗಳು ಸಣ್ಣದಾಗಿ ಅಚ್ಚಾಗಿರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಎರಡು ಗಾಜುಗಳ ನಡುವೆ ಮೂಗಿನ ಮೇಲಿನ ಅಂತರ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರ್ ಲೆಕ್ಕ. ಈ ಐದು ಸೆಂಟಿಮೀಟರ್ ಅಗಲದ ಗಾಜಿನಲ್ಲೇ ಎದುರಿನ ಬೀದಿಯೂ ಕಾಣಬೇಕು, ಬೀದಿಯ ಮೇಲೆ ತೇಲುವ ದಾರಿ ತೋರುವ ಬಾಣವೂ ಕಾಣಬೇಕು. ಎದುರು ನಿಂತವರಿಗೆ ನಮ್ಮ ಕಣ್ಣು ಕಾಣಬೇಕು. ಹಾಕಿಕೊಂಡವರ ಮೂಗು, ಕಿವಿ ನೋಯಬಾರದು. ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕ, ಚಿಕ್ಕದಾಗಿ ಎಆರ್ ಕನ್ನಡಕ, ಮಾಡಹೊರಟವರ ಮುಂದಿರುವ ಷರತ್ತುಗಳು ಇವು. ಚಿಪ್ಪು, ಬ್ಯಾಟರಿ, ಕ್ಯಾಮೆರಾ ಎಲ್ಲವೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದವು. ಕುಗ್ಗಲು ಒಪ್ಪದಿರುವುದು ಬೆಳಕು ಮಾತ್ರ.

2024ರ ಸೆಪ್ಟೆಂಬರ್‌ನಲ್ಲಿ ಮೆಟಾ ಕಂಪನಿ ಓರಿಯನ್ ಎಂಬ ಮಾದರಿ ಕನ್ನಡಕವನ್ನು ಜಗತ್ತಿಗೆ ತೋರಿಸಿತು. ತೂಕ 98 ಗ್ರಾಂ, ನೋಟದ ಹರವು 70 ಡಿಗ್ರಿ. ಅದು ಮಾರಾಟಕ್ಕಿರಲಿಲ್ಲ, ಒಂದೊಂದರ ತಯಾರಿಕೆಗೂ ಹತ್ತು ಸಾವಿರ ಡಾಲರ್ ಆಸುಪಾಸು ತಗಲುತ್ತದೆಂದು ವರದಿಯಾಗಿತ್ತು. ಸರಿಯಾಗಿ ಒಂದು ವರ್ಷದ ನಂತರ ಅದೇ ಕಂಪನಿ 799 ಡಾಲರ್ ಬೆಲೆ ಕಟ್ಟಿ ಅಂಗಡಿಗೆ ತಂದ ರೇಬ್ಯಾನ್ ಡಿಸ್‌ಪ್ಲೇ ಕನ್ನಡಕದ ಹರವು 20 ಡಿಗ್ರಿ, ಅದೂ ಬಲಗಣ್ಣಿಗೆ ಮಾತ್ರ. ಎಪ್ಪತ್ತರಿಂದ ಇಪ್ಪತ್ತಕ್ಕೆ ಇಳಿದದ್ದು ಹಣಕ್ಕಾಗಿ ಮಾತ್ರ ಎಂದುಕೊಂಡರೆ ವಿಷಯದ ಅರ್ಧವಷ್ಟೇ ತಿಳಿದಂತೆ.

ಡಿಗ್ರಿ ಎಂದರೆ ಎಷ್ಟು ಎಂಬುದು ಮೊದಲು ಕಣ್ಣಿಗೆ ಕಟ್ಟಬೇಕು. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸಿ ಗೇಣು ಹಿಡಿಯಿರಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಸುಮಾರು 20 ಡಿಗ್ರಿ. ಹಾಗೆ ಮೂರೂವರೆ ಗೇಣು ಇಟ್ಟರೆ 70. ನಮ್ಮ ಎರಡೂ ಕಣ್ಣು ಸೇರಿ ಎಡದಿಂದ ಬಲಕ್ಕೆ ಹಿಡಿಯುವುದು ಸುಮಾರು 200 ಡಿಗ್ರಿ. ಇನ್ನೊಂದು ಎಚ್ಚರವೂ ಬೇಕು. ಕಂಪನಿಗಳು ಹೇಳುವ ಅಂಕಿ ಸಾಮಾನ್ಯವಾಗಿ ಟಿ.ವಿ. ಪರದೆಯಂತೆ ಮೂಲೆಯಿಂದ ಮೂಲೆಗೆ ಅಳೆದದ್ದು. 2019ರಲ್ಲಿ ಮೈಕ್ರೋಸಾಫ್ಟ್ ತಲೆಗೆ ಧರಿಸುವ ತನ್ನ ಎಆರ್ ಸಾಧನವಾದ ಎರಡನೆಯ ಹೊಲೊಲೆನ್ಸ್‌ನಲ್ಲಿ ಹರವು ಎರಡು ಪಟ್ಟಿಗೂ ಹೆಚ್ಚಾಯಿತು ಎಂದಾಗ ಅದು ವಿಸ್ತೀರ್ಣದ ಮಾತಾಗಿತ್ತು. ಮೂಲೆಯಿಂದ ಮೂಲೆಗೆ 34 ಡಿಗ್ರಿ ಇದ್ದದ್ದು 52 ಆಗಿತ್ತು.

ಈಗ ಒಂದು ಸಣ್ಣ ಲೆಕ್ಕ. ಕನ್ನಡಕದ ಗಾಜು ಕಣ್ಣಿನಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಕಣ್ಣು ಅತ್ತಿತ್ತ ಹೊರಳುತ್ತದೆ. 20 ಡಿಗ್ರಿ ಹೊರಳಿದರೆ ಪಾಪೆ ಮೂರು ಮಿ.ಮೀ.ಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಒಬ್ಬೊಬ್ಬರ ಮುಖದಲ್ಲಿ ಕಣ್ಣುಗಳ ನಡುವಣ ಅಂತರವೂ ಬೇರೆ. ಹಾಗಾಗಿ ಚಿತ್ರ ಎಲ್ಲಿಯೂ ಕಳೆದುಹೋಗದಂತೆ ಕಣ್ಣೆದುರು ಕನಿಷ್ಠ 10 ಮಿ.ಮೀ. ಅಗಲದ ಜಾಗವನ್ನು ಬೆಳಕಿನಿಂದ ತುಂಬಿಡಬೇಕು. ಇದನ್ನು ಈ ಕ್ಷೇತ್ರದವರು ಐ-ಬಾಕ್ಸ್ ಎನ್ನುತ್ತಾರೆ. ಇಷ್ಟನ್ನು ಇಟ್ಟುಕೊಂಡು ಅಗಲ ಕಂಡುಹಿಡಿದರೆ 20 ಡಿಗ್ರಿಗೆ 15 ಮಿ.ಮೀ. ಗಾಜು ಸಾಕು, 70 ಡಿಗ್ರಿಗೆ 31, ನೂರು ಡಿಗ್ರಿಗೆ 46. ನೂರು ಡಿಗ್ರಿಯೂ ನಮ್ಮ 52 ಮಿ.ಮೀ. ಗಾಜಿನೊಳಗೇ ಹಿಡಿಸಿತು! ಕಿಟಕಿ ಸಾಲದು ಎಂಬ ಸಮಸ್ಯೆಯೇ ಇಲ್ಲ. ಆ ಕಿಟಕಿಯ ಉದ್ದಗಲಕ್ಕೂ ಚಿತ್ರದ ಬೆಳಕನ್ನು ತಂದು ಸುರಿಯುವುದು ಹೇಗೆ ಎಂಬುದೇ ಸಮಸ್ಯೆ.

ರಾತ್ರಿ ಬಸ್ಸಿನ ಕಿಟಕಿಯಲ್ಲಿ ಹೊರಗಿನ ಊರ ದೀಪಗಳೂ, ಅವುಗಳ ಮೇಲೆ ನಮ್ಮದೇ ಮುಖವೂ ಒಟ್ಟಿಗೆ ಕಾಣುತ್ತವಲ್ಲ, ಎಆರ್‌ನ ಮೂಲ ಅದೇ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ ರಂಗದ ಮೇಲೆ ದೆವ್ವ ತೋರಿಸಿದ್ದು ಹೀಗೆಯೇ. ಅದಾದ ನೂರು ವರ್ಷದ ಮೇಲೆ, 1968ರಲ್ಲಿ, ಐವಾನ್ ಸದರ್ಲೆಂಡ್ ಎಂಬ ಅಮೆರಿಕದ ವಿಜ್ಞಾನಿ ತನ್ನ ವಿದ್ಯಾರ್ಥಿ ಬಾಬ್ ಸ್ಪ್ರೌಲ್ ಜೊತೆ ಸೇರಿ ತಲೆಗೆ ಕಟ್ಟಿಕೊಳ್ಳುವ ಮೊದಲ ಎಆರ್ ಯಂತ್ರವನ್ನು ಕಟ್ಟಿದ. ಎರಡು ಪುಟ್ಟ ಪಿಕ್ಚರ್ ಟ್ಯೂಬು, ಅರೆಪಾರದರ್ಶಕ ಕನ್ನಡಿ. ತಲೆಯ ಚಲನೆ ಅಳೆಯಲು ಚಾವಣಿಯಿಂದ ಇಳಿಬಿಟ್ಟ ಭಾರೀ ಯಾಂತ್ರಿಕ ತೋಳು. ಹರವು ಆಗಲೇ 40 ಡಿಗ್ರಿ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದಲ್ಲಿ ಪೈಲಟ್‌ನ ಕಣ್ಣೆದುರು ವೇಗ, ಎತ್ತರಗಳನ್ನು ಬರೆಯುವ ಹೆಡ್-ಅಪ್ ಡಿಸ್‌ಪ್ಲೇ ಕೂಡ ಇದೇ ಓರೆಗಾಜಿನ ಸಂತತಿ. ಅದನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಒ ಪ್ರಯೋಗಾಲಯ. ಕಾಕ್‌ಪಿಟ್‌ನಲ್ಲಿ ಗಾಜಿನ ಕೆಳಗೆ ದೊಡ್ಡ ಲೆನ್ಸು ಕೂರಿಸಲು ಜಾಗವಿದೆ. ಮೂಗಿನ ಮೇಲೆ ಇಲ್ಲ.

ಓರೆ ಕನ್ನಡಿಯ ತೊಂದರೆ ಸರಳ. ಕಣ್ಣಿಗೆ 46 ಮಿ.ಮೀ. ಅಗಲ ಬೇಕೆಂದರೆ, 45 ಡಿಗ್ರಿ ಓರೆಯಲ್ಲಿ ನಿಂತ ಕನ್ನಡಿ ಮುಖದಿಂದ ಅಷ್ಟೇ 46 ಮಿ.ಮೀ. ಮುಂದಕ್ಕೂ ಚಾಚುತ್ತದೆ. ಅಗಲ ಎಷ್ಟೋ ದಪ್ಪವೂ ಅಷ್ಟು. ಕನ್ನಡಿಯನ್ನು ಬಾಗಿಸಿ ಇದನ್ನು ತುಸು ತಗ್ಗಿಸಬಹುದು. 2016ರಲ್ಲಿ ಬಂದ ಮೆಟಾ 2 (ಇದು ಈಗಿನ ಮೆಟಾ ಅಲ್ಲ, ಆ ಹೆಸರಿನ ಬೇರೊಂದು ಪುಟ್ಟ ಕಂಪನಿ) ದೊಡ್ಡ ಬಾಗು ಗಾಜಿನಿಂದ 90 ಡಿಗ್ರಿ ಕೊಟ್ಟಿತು. 2018ರಲ್ಲಿ ಲೀಪ್ ಮೋಷನ್ ಕಂಪನಿ ನಾರ್ತ್ ಸ್ಟಾರ್ ಎಂಬ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟಿತು. ಅದು ನೂರು ಡಿಗ್ರಿಯ ಹತ್ತಿರ. ಅಗಲ ಸಿಕ್ಕಿತು, ಕನ್ನಡಕ ಮಾತ್ರ ಕನ್ನಡಕವಾಗಿ ಉಳಿಯಲಿಲ್ಲ. ಅವನ್ನು ಹಾಕಿಕೊಂಡು ಯಾರೂ ಮದುವೆ ಮನೆಗೆ ಹೋಗುವಂತಿರಲಿಲ್ಲ. ಇವತ್ತು ಸಿನಿಮಾ ನೋಡಲೆಂದು ಮಾರಾಟವಾಗುವ ಎಕ್ಸ್‌ರಿಯಲ್‌ನಂಥ ಕಂಪನಿಗಳ ಅನೇಕ ಕನ್ನಡಕಗಳಲ್ಲಿರುವುದು ಬರ್ಡ್‌ಬಾತ್ ಎಂಬ ಪುಟ್ಟ ಜೋಡಣೆ: ಒಂದು ಓರೆಗಾಜು, ಅದರ ಮುಂದೊಂದು ಬಾಗು ಕನ್ನಡಿ. ಐವತ್ತು ಡಿಗ್ರಿಯ ಆಚೀಚೆಯವರೆಗೆ ಇದು ಅಗ್ಗದ, ಚೊಕ್ಕ ಉಪಾಯ. ಆದರೆ ಎರಡೂ ಅರೆಗನ್ನಡಿಗಳಾದರೆ ಹೊರಗಿನ ಬೆಳಕು ಅರ್ಧದಲ್ಲಿ ಅರ್ಧವಾಗಿ ಕಾಲು ಭಾಗ ಮಾತ್ರ ಕಣ್ಣು ಸೇರುತ್ತದೆ. ಮನೆಯೊಳಗೂ ಕರಿ ಕನ್ನಡಕ ಹಾಕಿಕೊಂಡ ಹಾಗೆ.

ಹಾಗಾದರೆ ಪುಟ್ಟ ಪ್ರೊಜೆಕ್ಟರಿನಿಂದ ಬರುವ ಕಿರಿದಾದ ಬೆಳಕನ್ನು ಲೆನ್ಸಿನಿಂದ ಹಿಗ್ಗಿಸಿದರಾಗದೇ? ಇಲ್ಲಿಯೇ ಬೆಳಕಿನ ನಿಯಮ ಅಡ್ಡ ಬರುವುದು. ಒಂದು ಬೆಳಕಿನ ಪುಂಜಕ್ಕೆ ಎರಡು ಅಳತೆ: ಅದರ ಅಗಲ ಎಷ್ಟು, ಅದರೊಳಗಿನ ಕಿರಣಗಳು ಎಷ್ಟು ಕೋನದಲ್ಲಿ ಹರಡಿವೆ. ಈ ಎರಡರ ಗುಣಲಬ್ಧವನ್ನು ಯಾವ ಲೆನ್ಸೂ, ಯಾವ ಕನ್ನಡಿಯೂ ಪುಕ್ಕಟೆ ಬದಲಾಯಿಸಲಾರದು. 4 ಮಿ.ಮೀ. ಅಗಲದ, 20 ಡಿಗ್ರಿ ಹರಡಿದ ಬೆಳಕನ್ನು 40 ಡಿಗ್ರಿಗೆ ಹಿಗ್ಗಿಸಿದರೆ ಅಗಲ 2 ಮಿ.ಮೀ.ಗೆ ಇಳಿಯುತ್ತದೆ. ಆಗ ಚಿತ್ರ ಅಗಲವಾಗಿಯೇ ಕಾಣುತ್ತದೆ, ಆದರೆ ಕಣ್ಣು ಚೂರು ಹೊರಳಿದರೆ ಪಾಪೆ ಆ 2 ಮಿ.ಮೀ. ಕಿಂಡಿಯಿಂದ ಆಚೆ ಸರಿದು ಎಲ್ಲವೂ ಮಾಯ. ಎಟೆಂಡ್ಯೂ ಎಂದು ಕರೆಯುವ ಈ ಲೆಕ್ಕವೇ ಎಆರ್ ಕನ್ನಡಕದ ಇತಿಹಾಸವನ್ನು ಬರೆದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. 2013ರ ಗೂಗಲ್ ಗ್ಲಾಸ್ ಕನ್ನಡಕದ ಹರವು 15 ಡಿಗ್ರಿಯ ಆಸುಪಾಸಿನಲ್ಲೇ ನಿಂತದ್ದು ಅಲ್ಲಿನ ಎಂಜಿನಿಯರುಗಳ ಕೊರತೆಯಿಂದಲ್ಲ. ಆ ಪುಟ್ಟ ಗಾಜಿನ ತುಂಡಿನಲ್ಲಿ ಹಿಡಿಸುವುದೇ ಅಷ್ಟು.

ಈ ಇಕ್ಕಟ್ಟಿನಿಂದ ಹೊರಬರಲು ಸಿಕ್ಕ ದಾರಿ ವೇವ್‌ಗೈಡ್. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಕಡ್ಡಿಯ ತುದಿಯಲ್ಲಿ ಕೂತ ಪ್ರೊಜೆಕ್ಟರು ಗಾಜಿನ ಒಂದು ಮೂಲೆಗೆ ಬೆಳಕು ಬಿಡುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಒಂದು ಮಿ.ಮೀ.ನಲ್ಲಿ ಎರಡು ಮೂರು ಸಾವಿರ ಗೆರೆಗಳ ಗ್ರೇಟಿಂಗ್ ಇದೆ. ಅದು ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ತಿರುಗಿಸುತ್ತದೆ. ಒಳಗೆ ಹೋದ ಬೆಳಕು ಗಾಜಿನ ಎರಡು ಮೈಗಳ ನಡುವೆ ಪುಟಿಯುತ್ತ ಸಾಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ. ಕಣ್ಣೆದುರು ಬಂದಾಗ ಮತ್ತೊಂದು ಗ್ರೇಟಿಂಗ್ ಪ್ರತಿ ಪುಟಿತಕ್ಕೂ ಸ್ವಲ್ಪ ಸ್ವಲ್ಪ ಬೆಳಕನ್ನು ಹೊರಬಿಡುತ್ತದೆ. ಒಂದೇ ಕಿರಿದಾದ ಕಿಂಡಿಯ ಹತ್ತಾರು ನಕಲುಗಳು ಸಾಲಾಗಿ ನಿಲ್ಲುತ್ತವೆ. ಕಣ್ಣು ಎತ್ತ ಹೊರಳಿದರೂ ಒಂದಲ್ಲ ಒಂದು ನಕಲು ಪಾಪೆಗೆ ಸಿಕ್ಕೇ ಸಿಗುತ್ತದೆ. ಐ-ಬಾಕ್ಸ್ ದೊಡ್ಡದಾಯಿತು, ಗಾಜು ಒಂದು ಮಿ.ಮೀ. ಆಸುಪಾಸಿನಲ್ಲೇ ಉಳಿಯಿತು. ಇಸ್ರೇಲಿನ ಲೂಮಸ್ ಕಂಪನಿಯದು ಇದೇ ತತ್ವದ ಇನ್ನೊಂದು ದಾರಿ. ಅವರು ಗ್ರೇಟಿಂಗ್ ಬದಲು ಗಾಜಿನೊಳಗೇ ಸಾಲು ಸಾಲು ಅರೆಗನ್ನಡಿಗಳನ್ನು ಹುದುಗಿಸುತ್ತಾರೆ.

ಇಷ್ಟಾದರೂ ಅಗಲಕ್ಕೆ ಮಿತಿ ಇದೆ, ಆ ಮಿತಿ ಇರುವುದು ಗಾಜಿನ ಗುಣದಲ್ಲಿ. ಬೆಳಕು ಒಳಗೇ ಸಿಕ್ಕಿಕೊಂಡು ಪುಟಿಯಬೇಕಾದರೆ ಕ್ರಾಂತಿಕ ಕೋನಕ್ಕಿಂತ ಹೆಚ್ಚು ಓರೆಯಾಗಿರಬೇಕು. ತೀರಾ ಓರೆಯಾದರೆ, 75 ಡಿಗ್ರಿ ದಾಟಿದರೆ ಎನ್ನೋಣ, ಪುಟಿತಗಳ ನಡುವೆ ಅಂತರ ಹೆಚ್ಚಿ ಚಿತ್ರದಲ್ಲಿ ಖಾಲಿ ಪಟ್ಟೆ ಬೀಳುತ್ತವೆ. ಇವೆರಡರ ನಡುವೆ ಸಿಗುವ ಸಂದಿಯಲ್ಲೇ ಇಡೀ ಚಿತ್ರ ಹಾದುಹೋಗಬೇಕು. ಮಾಮೂಲಿ ಗಾಜಿನ ವಕ್ರೀಭವನ ಸೂಚ್ಯಂಕ 1.5, ಅದರ ಕ್ರಾಂತಿಕ ಕೋನ 42 ಡಿಗ್ರಿ. ಸರಳ ಲೆಕ್ಕ ಹಾಕಿದರೆ ಒಂದೇ ಬಣ್ಣದ ಚಿತ್ರಕ್ಕೆ ಹೊರಗೆ ಸಿಗುವ ಹರವು 26 ಡಿಗ್ರಿ. ಸೂಚ್ಯಂಕ 1.8 ಆದರೆ 43. ಶಾಟ್, ಕಾರ್ನಿಂಗ್‌ನಂಥ ಕಂಪನಿಗಳು ಎಆರ್‌ಗೆಂದೇ ತಯಾರಿಸುವ 2.0 ಸೂಚ್ಯಂಕದ ಗಾಜಿನಲ್ಲಿ 55. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಗಾಜಿನಲ್ಲಿ ಕಳಿಸಿದರೆ ಇದು ಇನ್ನೂ ಇಳಿಯುತ್ತದೆ, ಏಕೆಂದರೆ ಗ್ರೇಟಿಂಗ್ ಕೆಂಪನ್ನು ನೀಲಿಗಿಂತ ಹೆಚ್ಚು ಬಾಗಿಸುತ್ತದೆ. ಮೊದಲ ಹೊಲೊಲೆನ್ಸ್‌ನಲ್ಲಿ ಬಣ್ಣಕ್ಕೊಂದರಂತೆ ಮೂರು ಗಾಜುಗಳನ್ನು ಒಂದರ ಹಿಂದೊಂದು ಪೇರಿಸಿದ್ದು ಇದಕ್ಕೇ.

ಓರಿಯನ್ 70 ಡಿಗ್ರಿ ಮುಟ್ಟಿದ್ದು ಗಾಜನ್ನೇ ಬಿಟ್ಟುಕೊಟ್ಟು. ಅದರ ಲೆನ್ಸು ಸಿಲಿಕಾನ್ ಕಾರ್ಬೈಡ್. ಹೆಸರು ಹೊಸದೆನಿಸಿದರೂ ವಸ್ತು ನಮ್ಮ ಮನೆಗಳಲ್ಲೇ ಇದೆ: ಕತ್ತಿ, ಚಾಕು ಮಸೆಯುವ ಕಪ್ಪು ಕಾರ್ಬೊರಂಡಂ ಸಾಣೆಕಲ್ಲು ಇದರದೇ. 1890ರ ದಶಕದ ಮೊದಲಿಗೆ ಅಮೆರಿಕದ ಎಡ್ವರ್ಡ್ ಅಚೆಸನ್ ಇದನ್ನು ಕುಲುಮೆಯಲ್ಲಿ ತಯಾರಿಸಿದ. 1893ರಲ್ಲಿ ಫ್ರೆಂಚ್ ವಿಜ್ಞಾನಿ ಆನ್ರಿ ಮುವಾಸಾನ್ ಅರಿಜೋನಾದ ಉಲ್ಕಾಶಿಲೆಯಲ್ಲಿ ಇದರ ಪುಟ್ಟ ಹರಳುಗಳನ್ನು ಕಂಡ. ಇವತ್ತು ಒಡವೆ ಅಂಗಡಿಯಲ್ಲಿ ವಜ್ರದ ಬದಲಿಗೆ ಮಾರುವ ಮಾಯ್ಸನೈಟ್ ಅವನ ಹೆಸರಿನದು, ಇದೇ ವಸ್ತು. ಇದರ ಸೂಚ್ಯಂಕ 2.65 ಆಸುಪಾಸು, ವಜ್ರದ 2.42ನ್ನೂ ಮೀರಿದ್ದು. ಕ್ರಾಂತಿಕ ಕೋನ 22 ಡಿಗ್ರಿಗೆ ಇಳಿಯುತ್ತದೆ. ಅದೇ ಸರಳ ಲೆಕ್ಕದಲ್ಲಿ ಒಂದು ಬಣ್ಣಕ್ಕೆ ಸಿಗುವ ಹರವು ನೂರು ಡಿಗ್ರಿ! ಸಂದಿ ಅಷ್ಟು ಅಗಲವಾದಾಗ ಮೂರೂ ಬಣ್ಣಗಳನ್ನು ಒಂದೇ ತೆಳು ಬಿಲ್ಲೆಯಲ್ಲಿ ಕಳಿಸಲು ಸಾಧ್ಯ. ಆಗ ಗಾಜುಗಳ ಪೇರಿಕೆ ಬೇಕಿಲ್ಲ, ತೂಕವೂ ಇಳಿಯುತ್ತದೆ.

ಕಷ್ಟ ಇರುವುದು ತಯಾರಿಕೆಯಲ್ಲಿ. ಇದರ ಹರಳನ್ನು 2000 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಆವಿಯಿಂದ ನಿಧಾನವಾಗಿ ಬೆಳೆಸಬೇಕು. ಸಾಣೆಗೆ ಬಳಸುವಷ್ಟು ಗಟ್ಟಿ ವಸ್ತುವನ್ನು ಕೊಯ್ಯಬೇಕು, ಹೊಳಪು ಕೊಡಬೇಕು, ಆಮೇಲೆ ಅದರ ಮೈಮೇಲೆ ನ್ಯಾನೊಮೀಟರ್ ಲೆಕ್ಕದ ಗೆರೆಗಳನ್ನು ಓರೆಯಾಗಿ ಕೊರೆಯಬೇಕು. ಇಷ್ಟರ ನಡುವೆಯೂ ಇದು ಕೈಗೆಟುಕಿದ್ದಕ್ಕೆ ಕಾರಣ ವಿದ್ಯುತ್ ಕಾರುಗಳು. ಕಾರಿನ ಇನ್ವರ್ಟರ್ ಚಿಪ್ಪುಗಳಿಗೆ ಸಿಲಿಕಾನ್ ಕಾರ್ಬೈಡ್ ಬೇಕಾಗಿ ಜಗತ್ತಿನಾದ್ಯಂತ ಅದರ ಬಿಲ್ಲೆ ಬೆಳೆಸುವ ಕಾರ್ಖಾನೆಗಳು ಎದ್ದವು. ಕನ್ನಡಕದವರು ಆ ಹಾದಿಯ ಲಾಭ ಪಡೆದರು. ಒಡಿಶಾದಲ್ಲಿ ಸಿಲಿಕಾನ್ ಕಾರ್ಬೈಡ್ ಚಿಪ್ಪುಗಳ ಕಾರ್ಖಾನೆಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದನ್ನು ಕಾರು, ವಿದ್ಯುತ್ ಜಾಲಗಳ ಕಣ್ಣಿನಿಂದಷ್ಟೇ ನೋಡದೆ, ದೃಗ್ವಿಜ್ಞಾನದ ಬಿಲ್ಲೆಗಳನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಜಾಣತನ.

ಅಗಲ ಸಿಕ್ಕಿದ ಮೇಲೂ ತೀರಿಸಬೇಕಾದ ಸಾಲವಿದೆ. ಮೂಲೆಯಿಂದ ಮೂಲೆಗೆ 20 ಡಿಗ್ರಿಯ ರೇಬ್ಯಾನ್ ಡಿಸ್‌ಪ್ಲೇಯಲ್ಲಿ 600 ಸಾಲು, 600 ಕಂಬ ಪಿಕ್ಸೆಲ್‌ಗಳು. ಒಂದು ಡಿಗ್ರಿಗೆ 42. ಓರಿಯನ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 13. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಡಿಗ್ರಿಗೆ 60. ಇದರ ಅರ್ಥ ಏನೆಂಬುದನ್ನು ಕನ್ನಡದ ಅಕ್ಷರದಲ್ಲೇ ನೋಡೋಣ. ಒತ್ತಕ್ಷರವೂ ಸೇರಿ ಮೂರು ಮಿ.ಮೀ. ಎತ್ತರದ ಅಚ್ಚಕ್ಷರವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು ಕಣ್ಣಿಗೆ 0.43 ಡಿಗ್ರಿ. ಡಿಗ್ರಿಗೆ 13 ಪಿಕ್ಸೆಲ್ ಆದರೆ ಆ ಅಕ್ಷರಕ್ಕೆ ಸಿಗುವುದು ಐದಾರು ಪಿಕ್ಸೆಲ್ ಎತ್ತರ. ಇಂಗ್ಲಿಷಿನ ದೊಡ್ಡಕ್ಷರ ಹೇಗೋ ಅದರಲ್ಲಿ ನಿಂತೀತು. ನಮ್ಮ ‘ಸ್ತ್ರೀ’ ನಿಲ್ಲದು. ಮೇಲೆ ಸಕಾರ, ಅದರ ದೀರ್ಘ, ಕೆಳಗೆ ತಕಾರದ ಒತ್ತು, ಪಕ್ಕಕ್ಕೆ ರಕಾರದ ಒತ್ತು, ಇಷ್ಟನ್ನೂ ಆರು ಸಾಲಿನಲ್ಲಿ ಬರೆಯಲು ಬಾರದು. 42 ಪಿಕ್ಸೆಲ್ ಆದರೆ 18 ಸಾಲು ಸಿಗುತ್ತವೆ, ಓದಬಹುದು. ಕನ್ನಡದ ಓದುಗನಿಗೆ ಅಗಲಕ್ಕಿಂತ ಮೊದಲು ಬೇಕಾದ್ದು ಸ್ಪಷ್ಟತೆ ಎಂದು ನಾನು ಹೇಳುವುದು ಇದಕ್ಕೇ.

ಸ್ಪಷ್ಟತೆ ಕಾಪಾಡಿಕೊಂಡೇ 20ರಿಂದ 70ಕ್ಕೆ ಹೋದರೆ ವಿಸ್ತೀರ್ಣ ಹನ್ನೆರಡು ಪಟ್ಟು. ಪಿಕ್ಸೆಲ್‌ಗಳು ಮೂರು ಲಕ್ಷ ಅರವತ್ತು ಸಾವಿರದಿಂದ 44 ಲಕ್ಷಕ್ಕೆ ಏರಬೇಕು. ಅವನ್ನು ತುಂಬಲು ಹನ್ನೆರಡು ಪಟ್ಟು ಬೆಳಕೂ ಬೇಕು. ಗ್ರೇಟಿಂಗ್ ವೇವ್‌ಗೈಡ್‌ನಲ್ಲಿ ಪ್ರೊಜೆಕ್ಟರಿನ ಬೆಳಕಿನ ನೂರರಲ್ಲೊಂದು ಪಾಲು ಕಣ್ಣು ಮುಟ್ಟಿದರೆ ದೊಡ್ಡದು. ಉಳಿದದ್ದು ಗಾಜಿನ ಅಂಚಿನಲ್ಲಿ, ಹೊರಗಿನವರ ಕಡೆಗೆ ಸೋರಿ ಹೋಗುತ್ತದೆ. ಮಟಮಟ ಮಧ್ಯಾಹ್ನ ಬಿಳಿ ಕಾಗದವೊಂದರ ಪ್ರಕಾಶ ಸುಮಾರು 30,000 ನಿಟ್. ನಮ್ಮ ಬಿಸಿಲಿನಲ್ಲಿ ಚಿತ್ರ ಎದ್ದು ಕಾಣಬೇಕಾದರೆ ದೊಡ್ಡ ಬ್ಯಾಟರಿಯನ್ನೂ ಅದರ ಬಿಸಿಯನ್ನೂ ಕಿವಿಯ ಪಕ್ಕದಲ್ಲೇ ಹೊರಬೇಕಾಗುತ್ತದೆ. ಕನ್ನಡಕ ಇಪ್ಪತ್ತಕ್ಕೆ ಇಳಿದದ್ದೇಕೆ ಎಂಬುದಕ್ಕೆ ಉಳಿದ ಅರ್ಧ ಉತ್ತರ ಇಲ್ಲಿದೆ.

ಬೇರೆ ದಾರಿ ಹುಡುಕುವವರೂ ಇದ್ದಾರೆ. 2014ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ ಮತ್ತು ಎನ್‌ವಿಡಿಯಾ ಸಂಶೋಧಕರು ಲೆನ್ಸು, ಕನ್ನಡಿ ಯಾವುದೂ ಇಲ್ಲದೆ, ಬರೀ ಬಿಂದುದೀಪಗಳ ಸಾಲು ಮತ್ತು ಎಲ್‌ಸಿಡಿ ಹಾಳೆಯನ್ನು ಕಣ್ಣೆದುರಿಟ್ಟು 110 ಡಿಗ್ರಿ ತೋರಿಸಿದರು. ಚಿತ್ರ ಮಸುಕು, ಆದರೆ ಧೈರ್ಯ ದೊಡ್ಡದು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಾರ್ಡನ್ ವೆಟ್‌ಸ್ಟೀನ್ ತಂಡ ನ್ಯಾನೊ ಮೇಲ್ಮೈಯ ವೇವ್‌ಗೈಡ್ ಮತ್ತು ಹೊಲೊಗ್ರಾಂ ಸೇರಿಸಿ, ಹತ್ತಿರ ದೂರ ಎರಡಕ್ಕೂ ಕಣ್ಣು ಹೊಂದಿಕೊಳ್ಳುವಂಥ ನಿಜವಾದ ಆಳದ ಚಿತ್ರ ತೋರಿಸಿತು. ಹರವು 12 ಡಿಗ್ರಿಯೂ ಇರಲಿಲ್ಲ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋತಿದೆ. ಎರಡನ್ನೂ ಕೂಡಿಸುವ ಕೆಲಸ ಮುಂದಿನ ಪೀಳಿಗೆಯದು. ಅದರಲ್ಲಿ ನಮ್ಮ ಭೌತವಿಜ್ಞಾನದ ಹುಡುಗ ಹುಡುಗಿಯರಿಗೆ ಧಾರಾಳ ಜಾಗವಿದೆ.

ಕೊನೆಗೆ, ಎಷ್ಟು ಅಗಲ ಬೇಕು? ನಾವು ಕಣ್ಣನ್ನು ಆರಾಮವಾಗಿ ಹೊರಳಿಸುವುದು ಪ್ರತಿ ಬದಿಗೆ ಹದಿನೈದು ಇಪ್ಪತ್ತು ಡಿಗ್ರಿ. ಅದರಾಚೆ ತಲೆಯೇ ತಿರುಗುತ್ತದೆ. ಓದಲು, ದಾರಿ ತಿಳಿಯಲು, ಕಿವಿ ಮಂದವಾದ ಅಜ್ಜನಿಗೆ ಮೊಮ್ಮಗಳ ಮಾತು ಅಕ್ಷರವಾಗಿ ಮುಂದೆ ಮೂಡಲು 20ರಿಂದ 30 ಡಿಗ್ರಿ ಧಾರಾಳ ಸಾಕು. ಈ ಕೊನೆಯ ಉಪಯೋಗಕ್ಕಾಗಿಯಾದರೂ ಈ ಕನ್ನಡಕ ಕನ್ನಡ ಬಲ್ಲ ಕನ್ನಡಕವಾಗಿ ಬೇಗ ಬರಲಿ. ಎಂಜಿನ್ನಿನ ಭಾಗಗಳ ಮೇಲೆ ಗುರುತು ಹಾಕಿ ತೋರಿಸಬೇಕಾದ, ಕೋಣೆಯ ತುಂಬ ವಸ್ತುಗಳನ್ನು ನಿಲ್ಲಿಸಬೇಕಾದ ಕಡೆ ಮಾತ್ರ ಅಗಲಕ್ಕೆ ಬದಲಿ ಇಲ್ಲ. ಹೊಲೊಲೆನ್ಸ್ ಬಳಸಿದವರ ಸಾಮಾನ್ಯ ದೂರು, ಕೋಣೆಯಲ್ಲಿ ನಿಲ್ಲಿಸಿದ ವಸ್ತುವಿನ ತಲೆ ಕಂಡರೆ ಬುಡ ಕಾಣದು ಎಂಬುದು. ಅಂಥ ಕೆಲಸಕ್ಕೆ 70 ಡಿಗ್ರಿಯೂ ಆರಂಭವಷ್ಟೇ.

ಮುಂದಿನ ವರ್ಷಗಳಲ್ಲಿ ಅಂಗಡಿಯವರು ಡಿಗ್ರಿಯ ಅಂಕಿಯನ್ನೇ ದೊಡ್ಡದಾಗಿ ಮುಂದಿಡುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಡಿಗ್ರಿಗೆ ಎಷ್ಟು ಪಿಕ್ಸೆಲ್, ಬಿಸಿಲಿನಲ್ಲಿ ಎಷ್ಟು ನಿಟ್, ನನ್ನ ಕಣ್ಣಿನ ನಂಬರಿಗೆ ಲೆನ್ಸು ಸಿಗುತ್ತದೆಯೇ, ತೂಕ ಎಷ್ಟು. ಹಾಕಿಕೊಂಡು ಕಣ್ಣನ್ನು ನಾಲ್ಕೂ ದಿಕ್ಕಿಗೆ ಹೊರಳಿಸಿ ನೋಡಿ. ಆಮೇಲೆ ಹೊರಗೆ ಬಿಸಿಲಿಗೆ ಬಂದು, ಕನ್ನಡದ ಒಂದು ಸಾಲನ್ನು ಒತ್ತಕ್ಷರ ತಪ್ಪದೆ ಓದಲು ಬಂದರೆ ಮಾತ್ರ ಹಣ ಕೊಡಿ.